ಮ್ಯಾರಥಾನ್ ಅಂದರೆ ಸೋಂಪಿನ ಬಯಲು

ಒಂದು ದಿನ ಸಂಜೆ. ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ಇನ್ನೂ ಶುರುವಾಗಿರಲಿಲ್ಲ. ಅಕ್ಕನೊಬ್ಬರು ಅವಸರದಿಂದ ಬಂದರು. ಅವರ ವಯಸ್ಸು ಐವತ್ತರ ಹತ್ತಿರ. ಓದಲು ಕಲಿತು ಇನ್ನೂ ಒಂದು ವರ್ಷ ಆಗಿರಲಿಲ್ಲ.

"ಟೀಚರಮ್ಮ, ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಒಂದು ಕಾಗದ ಅಂಟಿಸಿದಾರೆ. ನಾನೇ ಓದಿದೆ. ಯಾರನ್ನೂ ಕೇಳಲಿಲ್ಲ" ಅಂದರು.

"ಏನಂತ ಬರೆದಿತ್ತು ಅಕ್ಕ?"

"ಮಹಿಳೆಯರ ಮ್ಯಾ-ರ-ಥಾ-ನ್. 5 ಕಿಲೋಮೀಟರ್. ಅಕ್ಷರ ಎಲ್ಲಾ ಬಂತು. ಅರ್ಥ ಮಾತ್ರ ಬರಲಿಲ್ಲ."

ಪಕ್ಕದಲ್ಲಿದ್ದ ಇನ್ನೊಬ್ಬರು, "ಮರಾಠಿಯವರು ನಡೆಸೋ ಓಟ ಇರಬೇಕು" ಅಂದರು. ಎಲ್ಲರೂ ನಕ್ಕರು. ಆದರೆ ಅದು ನಗುವ ಮಾತಲ್ಲ. ತಿಳಿಯದ ಪದ ಸಿಕ್ಕಾಗ ತಿಳಿದ ಪದದ ಜೊತೆ ಇಟ್ಟು ನೋಡುವುದು ಒಳ್ಳೆಯ ಅಭ್ಯಾಸ. ಈ ಪದಕ್ಕೆ ಮಾತ್ರ ಅದು ಹೊಂದುವುದಿಲ್ಲ. ಮರಾಠಿಗೂ ಮ್ಯಾರಥಾನ್‌ಗೂ ಸಂಬಂಧವೇ ಇಲ್ಲ.

ಹಾಗಾದರೆ ಮ್ಯಾರಥಾನ್ ಅಂದರೆ ಏನು? ಆ ದಿನ ನಾನು ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ನಿಧಾನವಾಗಿ ಓದಿ.

ಅದು ಒಂದು ಊರಿನ ಹೆಸರು

ಗ್ರೀಸ್ ಎಂಬ ದೇಶ ಇದೆ. ನಮ್ಮ ದೇಶದಿಂದ ಪಶ್ಚಿಮಕ್ಕೆ ಬಹಳ ದೂರ. ಅದರ ರಾಜಧಾನಿ ಅಥೆನ್ಸ್. ಅಥೆನ್ಸಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಸಮುದ್ರದ ದಡದಲ್ಲಿ, ಒಂದು ಬಯಲು ಇದೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ನೀರು. ಆ ಬಯಲಿನ ಹೆಸರು ಮ್ಯಾರಥಾನ್. ಅಲ್ಲಿರುವ ಊರಿಗೂ ಅದೇ ಹೆಸರು. ಆ ಊರು ಈಗಲೂ ಇದೆ.

ಆ ಹೆಸರು ಎಲ್ಲಿಂದ ಬಂತು? ಇದನ್ನು ಕೇಳಿದರೆ ನಿಮಗೆ ಆಶ್ಚರ್ಯ ಆಗುತ್ತದೆ. ಅದು ನಿಮ್ಮ ಅಡುಗೆಮನೆಯಲ್ಲಿರುವ ವಸ್ತು!

ಗ್ರೀಕ್ ಭಾಷೆಯಲ್ಲಿ 'ಮಾರಥೊನ್' ಅಂದರೆ ಸೋಂಪು. ಕೆಲವು ಕಡೆ ಬಡೇಸೋಪು ಅಂತಾರೆ. ಹೋಟೆಲಿನಲ್ಲಿ ಊಟ ಆದ ಮೇಲೆ ಬಾಯಿಗೆ ಹಾಕಿಕೊಳ್ಳಲು ಕೊಡುತ್ತಾರಲ್ಲ, ಅದೇ. ಸೋಂಪಿನ ಗಿಡ ನೋಡಲು ಸಬ್ಬಸಿಗೆ ಸೊಪ್ಪಿನ ಹಾಗೇ ಇರುತ್ತದೆ. ಎಲೆ ದಾರದಂತೆ ಸಣ್ಣ. ಹೂವು ಹಳದಿ. ಎತ್ತರ ಮಾತ್ರ ಹೆಚ್ಚು. ಆಳೆತ್ತರಕ್ಕೂ ಬೆಳೆಯುತ್ತದೆ. ಆ ಬಯಲಿನಲ್ಲಿ ಸೋಂಪು ಹೇರಳವಾಗಿ ಬೆಳೆಯುತ್ತಿತ್ತು. ಅದರಿಂದ ಆ ಹೆಸರು ಬಂತು ಅನ್ನುತ್ತಾರೆ. ನಮ್ಮಲ್ಲಿ ಹುಣಸೇಹಳ್ಳಿ, ಬೇವಿನಹಳ್ಳಿ, ಮಾವಿನಕೆರೆ ಅಂತ ಊರುಗಳಿಲ್ಲವೇ? ಹಾಗೆಯೇ ಅದು ಸೋಂಪಿನ ಬಯಲು.

ಈ ಪದ ಬಹಳ ಹಳೆಯದು. 3000 ವರ್ಷಕ್ಕೂ ಹಿಂದೆ ಗ್ರೀಸಿನಲ್ಲಿ ಮಣ್ಣಿನ ಹಲಗೆಗಳ ಮೇಲೆ ಲೆಕ್ಕ ಬರೆಯುತ್ತಿದ್ದರು. ಆ ಹಲಗೆಗಳಲ್ಲಿ ಕೆಲವು ಈಗ ಸಿಕ್ಕಿವೆ. ಅವುಗಳಲ್ಲಿ ಮಸಾಲೆ ಸಾಮಾನಿನ ಪಟ್ಟಿಯೂ ಇದೆ. ಆ ಪಟ್ಟಿಯಲ್ಲಿ ಸೋಂಪಿನ ಹೆಸರು ಇದೆ. ಯಾರೋ ಬರೆದಿಟ್ಟ ದಿನಸಿ ಚೀಟಿ 3000 ವರ್ಷ ಉಳಿಯಿತು! ಇವತ್ತಿಗೂ ಗ್ರೀಸಿನವರು ಸೋಂಪಿಗೆ 'ಮಾರಥೊ' ಅನ್ನುತ್ತಾರೆ.

ಸೋಂಪಿನ ಬಯಲಿನಲ್ಲಿ ಯುದ್ಧ

ಸೋಂಪಿನ ಬಯಲು ಪ್ರಪಂಚಕ್ಕೆಲ್ಲ ಗೊತ್ತಾದದ್ದು ಒಂದು ಯುದ್ಧದಿಂದ. ಆ ಯುದ್ಧ ನಡೆದದ್ದು ಕ್ರಿಸ್ತಪೂರ್ವ 490ರಲ್ಲಿ. ಅಂದರೆ ಏಸುಕ್ರಿಸ್ತ ಹುಟ್ಟುವುದಕ್ಕೂ ಸುಮಾರು 490 ವರ್ಷ ಮೊದಲು. ಇವತ್ತಿಗೆ 2500 ವರ್ಷಕ್ಕಿಂತ ಹಿಂದೆ.

ಆಗ ಪರ್ಷಿಯಾ ಎಂಬ ದೊಡ್ಡ ರಾಜ್ಯ ಇತ್ತು. ಈಗಿನ ಇರಾನ್ ದೇಶ ಅದರ ಮೂಲ. ಅದರ ರಾಜ ಡೇರಿಯಸ್. ಅವನ ರಾಜ್ಯ ನಮ್ಮ ಸಿಂಧೂ ನದಿಯ ತನಕ ಹರಡಿತ್ತು. ಅಥೆನ್ಸಿನವರು ಅವನ ಶತ್ರುಗಳಿಗೆ ಸಹಾಯ ಮಾಡಿದ್ದರು. ಆ ಸಿಟ್ಟಿಗೆ ಅವನು ಹಡಗುಗಳಲ್ಲಿ ಸೈನ್ಯ ಕಳಿಸಿದ. ಆ ಸೈನ್ಯ ಬಂದು ಇಳಿದದ್ದು ಮ್ಯಾರಥಾನ್ ಬಯಲಿನಲ್ಲಿ.

ಅಥೆನ್ಸ್ ಆಗ ಒಂದು ಸಣ್ಣ ನಗರ ರಾಜ್ಯ. ಅವರ ಕಡೆ ಇದ್ದವರು ಸುಮಾರು 10,000 ಜನ. ನೆರೆಯ ಪ್ಲಟೀಯ ಎಂಬ ಊರಿನವರು ಸುಮಾರು 1,000 ಜನ ಬಂದು ಸೇರಿಕೊಂಡರು. ಪರ್ಷಿಯಾದ ಸೈನ್ಯ ಅವರಿಗಿಂತ ದೊಡ್ಡದು. ಆದರೂ ಅಥೆನ್ಸಿನವರು ಹೆದರಲಿಲ್ಲ. ಶತ್ರುವಿನ ಮೇಲೆ ಓಡುತ್ತಾ ನುಗ್ಗಿದರು. ಆ ಓಟ ಸುಮಾರು ಒಂದೂವರೆ ಕಿಲೋಮೀಟರ್. ಕೈಯಲ್ಲಿ ಗುರಾಣಿ, ಈಟಿ. ಮೈಮೇಲೆ ಭಾರ. ಕೊನೆಗೆ ಅವರೇ ಗೆದ್ದರು.

ಇದನ್ನೆಲ್ಲ ಬರೆದಿಟ್ಟವನು ಹೆರೊಡೊಟಸ್ ಎಂಬ ಇತಿಹಾಸಕಾರ. ಪರ್ಷಿಯಾದ ಕಡೆ 6,400 ಜನ, ಅಥೆನ್ಸಿನ ಕಡೆ 192 ಜನ ಸತ್ತರು ಅಂತ ಅವನು ಬರೆದಿದ್ದಾನೆ. ಸತ್ತ ಆ 192 ಜನರನ್ನು ಅದೇ ಬಯಲಿನಲ್ಲಿ ಮಣ್ಣು ಮಾಡಿದರು. ಮೇಲೆ ದೊಡ್ಡ ದಿಬ್ಬ ಕಟ್ಟಿದರು. ಅವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿದರು. ನಮ್ಮ ಊರುಗಳಲ್ಲಿ ವೀರಗಲ್ಲು ನಿಲ್ಲಿಸಿರುತ್ತಾರಲ್ಲ, ಹಾಗೆ. ಆ ದಿಬ್ಬ ಇವತ್ತಿಗೂ ಇದೆ.

ಓಡಿದವನ ಕಥೆ

ಊರಿನ ಹೆಸರು ಓಟದ ಹೆಸರು ಆದದ್ದು ಹೇಗೆ? ಅದಕ್ಕೆ ಒಂದು ಕಥೆ ಇದೆ. ಬಹಳ ಜನ ಹೇಳುವ ಕಥೆ ಹೀಗಿದೆ:

ಯುದ್ಧ ಗೆದ್ದ ಮೇಲೆ ಒಬ್ಬ ಸೈನಿಕ ಮ್ಯಾರಥಾನಿನಿಂದ ಅಥೆನ್ಸಿಗೆ ಓಡಿದ. ಎಲ್ಲಿಯೂ ನಿಲ್ಲಲಿಲ್ಲ. ಊರು ಮುಟ್ಟಿ, "ಗೆದ್ದೆವು" ಅಂತ ಕೂಗಿದ. ಅಲ್ಲೇ ಬಿದ್ದು ಪ್ರಾಣ ಬಿಟ್ಟ.

ಕಥೆ ಚೆನ್ನಾಗಿದೆ. ಆದರೆ ಇದು ನಿಜವೇ? ಇಲ್ಲಿ ಸ್ವಲ್ಪ ಎಚ್ಚರ ಬೇಕು.

ಹೆರೊಡೊಟಸ್ ಬರೆದದ್ದು ಯುದ್ಧ ನಡೆದ ಸುಮಾರು ಅರ್ಧ ಶತಮಾನದ ನಂತರ. ಯುದ್ಧ ಕಂಡವರ ಮಕ್ಕಳು ಆಗ ಬದುಕಿದ್ದರು. ಅವನ ಪುಸ್ತಕದಲ್ಲಿ ಈ ಕಥೆ ಇಲ್ಲವೇ ಇಲ್ಲ. ಅವನು ಬೇರೆ ಒಂದು ಓಟದ ವಿಷಯ ಬರೆದಿದ್ದಾನೆ. ಓಡಿದವನ ಹೆಸರು ಫಿ-ಡಿ-ಪ್ಪಿ-ಡಿ-ಸ್. ಸುದ್ದಿ ಮುಟ್ಟಿಸುವುದೇ ಅವನ ಕಸುಬು. ಯುದ್ಧಕ್ಕೆ ಮೊದಲು ಅವನನ್ನು ಸ್ಪಾರ್ಟಾ ಎಂಬ ಊರಿಗೆ ಕಳಿಸಿದರು. "ನಮಗೆ ಸಹಾಯಕ್ಕೆ ಬನ್ನಿ" ಅಂತ ಕೇಳಲು. ಆ ಊರು ಸುಮಾರು 240 ಕಿಲೋಮೀಟರ್ ದೂರ. ಹೊರಟ ಮಾರನೇ ದಿನವೇ ಅವನು ಅಲ್ಲಿ ಮುಟ್ಟಿದ!

ಸ್ಪಾರ್ಟಾದವರು ಏನಂದರು ಗೊತ್ತೇ? ಬರುತ್ತೇವೆ, ಆದರೆ ಹುಣ್ಣಿಮೆ ಆಗುವ ತನಕ ದಂಡು ಹೊರಡುವ ಹಾಗಿಲ್ಲ, ಅದು ನಮ್ಮ ಕಟ್ಟಳೆ ಅಂದರು. ಹುಣ್ಣಿಮೆ ಕಳೆದ ಮೇಲೆ ಬಂದರು. ಅಷ್ಟು ಹೊತ್ತಿಗೆ ಯುದ್ಧ ಮುಗಿದಿತ್ತು.

ಇನ್ನು ಗೆದ್ದ ಮೇಲೆ ಅಥೆನ್ಸಿಗೆ ಹೋದವರು ಯಾರು? ಇಡೀ ಸೈನ್ಯವೇ ಹೋಯಿತು ಅಂತ ಹೆರೊಡೊಟಸ್ ಬರೆದಿದ್ದಾನೆ. ಶತ್ರುವಿನ ಹಡಗುಗಳು ಸಮುದ್ರ ಸುತ್ತಿ ಅಥೆನ್ಸಿನ ಕಡೆ ಹೊರಟಿದ್ದವು. ಊರು ಉಳಿಸಬೇಕಲ್ಲ? ಕಾದಾಡಿ ದಣಿದವರೇ ಮತ್ತೆ ಬಿರಬಿರನೆ ನಡೆದರು. ಹಡಗುಗಳಿಗಿಂತ ಮೊದಲು ಊರು ಮುಟ್ಟಿದರು.

ಒಬ್ಬನೇ ಓಡಿ ಬಂದು ಪ್ರಾಣ ಬಿಟ್ಟ ಕಥೆ ನಮಗೆ ಸಿಗುವುದು ಸುಮಾರು 600 ವರ್ಷ ಕಳೆದ ಮೇಲೆ ಬರೆದವರ ಪುಸ್ತಕಗಳಲ್ಲಿ. ಅವರು ಓಡಿದವನಿಗೆ ಒಂದೇ ಹೆಸರನ್ನೂ ಹೇಳುವುದಿಲ್ಲ. ಒಬ್ಬೊಬ್ಬರದು ಒಂದೊಂದು ಹೆಸರು. ಬಾಯಿಂದ ಬಾಯಿಗೆ ಹೋಗುವಾಗ ಮಾತು ಬೆಳೆಯುತ್ತದೆ. ಇದು ನಮಗೆಲ್ಲ ಗೊತ್ತಿರುವುದೇ. ಎರಡು ಓಟ ಸೇರಿ ಒಂದು ಕಥೆ ಆಗಿರಬಹುದು.

ಓಟಕ್ಕೆ ಆ ಹೆಸರು ಇಟ್ಟರು

1896ರಲ್ಲಿ ಅಥೆನ್ಸಿನಲ್ಲಿ ಒಲಿಂಪಿಕ್ ಆಟಗಳು ನಡೆದವು. ಈ ಕಾಲದ ಒಲಿಂಪಿಕ್ ಆಟ ಶುರುವಾದದ್ದೇ ಆಗ. ಫ್ರಾನ್ಸ್ ದೇಶದ ಮಿಷೆಲ್ ಬ್ರೆಯಾಲ್ ಎಂಬ ಪಂಡಿತರು ಒಂದು ಸಲಹೆ ಕೊಟ್ಟರು. ಹಳೆಯ ಕಥೆಯ ನೆನಪಿಗೆ ಮ್ಯಾರಥಾನಿನಿಂದ ಅಥೆನ್ಸಿಗೆ ಓಟದ ಪಂದ್ಯ ಇಡೋಣ ಅಂದರು. ಅವರು ಪದಗಳ ಅರ್ಥವನ್ನು ಅಭ್ಯಾಸ ಮಾಡುತ್ತಿದ್ದವರು.

ಆ ಓಟ ಸುಮಾರು 40 ಕಿಲೋಮೀಟರ್. ಗೆದ್ದವನು ಸ್ಪಿರಿಡಾನ್ ಲೂಯಿ. ಅವನು ನೀರು ಹೊತ್ತು ಮಾರುವವನು. ಅವನು ತೆಗೆದುಕೊಂಡ ಸಮಯ 2 ಗಂಟೆ 58 ನಿಮಿಷ 50 ಸೆಕೆಂಡು. ಅಂದಿನಿಂದ ಆ ಓಟಕ್ಕೆ ಮ್ಯಾರಥಾನ್ ಎಂಬ ಹೆಸರು ನಿಂತಿತು.

ಈಗ ಮ್ಯಾರಥಾನ್ ಓಟದ ದೂರ 42 ಕಿಲೋಮೀಟರ್ 195 ಮೀಟರ್. ಇಷ್ಟು ಖಚಿತ ಲೆಕ್ಕ ಯಾಕೆ? 1908ರಲ್ಲಿ ಲಂಡನ್ ಒಲಿಂಪಿಕ್ಸ್ ನಡೆಯಿತು. ಅಲ್ಲಿ ಓಟ ವಿಂಡ್ಸರ್ ಅರಮನೆಯಿಂದ ಶುರುವಾಯಿತು. ಆಟದ ಮೈದಾನದಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದೆ ಮುಗಿಯಿತು. ಅಷ್ಟು ದೂರ ಅಳೆದರೆ ಈ ಲೆಕ್ಕ ಬಂತು. 1921ರಲ್ಲಿ ಅದನ್ನೇ ಎಲ್ಲ ದೇಶಗಳಿಗೂ ಖಾಯಂ ಮಾಡಿದರು.

42 ಕಿಲೋಮೀಟರ್ ಅಂದರೆ ಎಷ್ಟು? ನಮ್ಮ ಅಜ್ಜಿಯರ ಲೆಕ್ಕದಲ್ಲಿ ಎಂಟು ಹರದಾರಿಗೂ ಹೆಚ್ಚು. ಗಂಟೆಗೆ 5 ಕಿಲೋಮೀಟರಿನಂತೆ ಎಲ್ಲೂ ಕೂರದೆ ನಡೆದರೂ ಎಂಟು ಗಂಟೆ ದಾಟುತ್ತದೆ. ಅಷ್ಟನ್ನು ಓಡಬೇಕು.

ಕಾಗದಕ್ಕೆ ಸಹಿ ಹಾಕಿಸಿಕೊಂಡ ಹೆಂಗಸು

ಅಕ್ಕಂದಿರೇ, ಈ ಭಾಗವನ್ನು ಗಮನ ಇಟ್ಟು ಓದಿ.

1896ರ ಆಟಗಳಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ. ಆದರೂ ಒಬ್ಬ ಹೆಂಗಸು ಮ್ಯಾರಥಾನ್ ಊರಿಗೆ ಬಂದಳು. ಅವಳ ಹೆಸರು ಸ್ಟಾಮಟಾ ರೆವಿಥಿ. ಬಡವಿ. ಕಂಕುಳಲ್ಲಿ 17 ತಿಂಗಳ ಮಗು. ಇನ್ನೊಂದು ಮಗುವನ್ನು ಅವಳು ಆಗಲೇ ಕಳೆದುಕೊಂಡಿದ್ದಳು. ಕೆಲಸ ಹುಡುಕಿಕೊಂಡು ಅಥೆನ್ಸಿಗೆ ಹೊರಟಿದ್ದಳು. ಓಡಿ ಹೆಸರು ಬಂದರೆ ಜೀವನಕ್ಕೆ ದಾರಿ ಆದೀತು ಎಂಬ ಆಸೆ ಅವಳಿಗೆ.

ಅವಳನ್ನು ಓಟಕ್ಕೆ ಸೇರಿಸಿಕೊಳ್ಳಲಿಲ್ಲ. ಗಂಡಸರು ಓಡಿದರು, ಲೂಯಿ ಗೆದ್ದ, ಜನ ಕುಣಿದರು.

ಮಾರನೇ ದಿನ ಬೆಳಿಗ್ಗೆ 8 ಗಂಟೆಗೆ ಸ್ಟಾಮಟಾ ಒಬ್ಬಳೇ ಓಡಲು ನಿಂತಳು. ಓಡುವ ಮೊದಲು ಅವಳು ಒಂದು ಜಾಣತನದ ಕೆಲಸ ಮಾಡಿದಳು. ಇಷ್ಟು ಹೊತ್ತಿಗೆ ಹೊರಟಳು ಅಂತ ಒಂದು ಕಾಗದದಲ್ಲಿ ಬರೆಸಿದಳು. ಊರಿನ ಶಾಲೆ ಮೇಷ್ಟ್ರು, ಊರಿನ ಮುಖ್ಯಸ್ಥ, ನ್ಯಾಯಾಧಿಕಾರಿ, ಮೂವರ ಸಹಿ ಹಾಕಿಸಿದಳು. ಆಮೇಲೆ ಓಡಿದಳು.

ಮಧ್ಯಾಹ್ನ ಒಂದೂವರೆಗೆ ಅಥೆನ್ಸ್ ಮುಟ್ಟಿದಳು. ಐದೂವರೆ ಗಂಟೆ ಆಗಿತ್ತು. ಮೈಯೆಲ್ಲ ಬೆವರು, ಧೂಳು. ಗಂಡಸರ ಓಟ ಮುಗಿದಿದ್ದ ಮೈದಾನದ ಒಳಗೆ ಅವಳಿಗೆ ಪ್ರವೇಶ ಇರಲಿಲ್ಲ. ಅವಳು ಹೊರಗೇ ನಿಂತಳು. ಎದುರು ಸಿಕ್ಕ ಸೈನ್ಯದ ಅಧಿಕಾರಿಗಳ ಹತ್ತಿರ, ಇಷ್ಟು ಹೊತ್ತಿಗೆ ಬಂದು ಮುಟ್ಟಿದೆ ಅಂತ ಅದೇ ಕಾಗದಕ್ಕೆ ಸಹಿ ಕೇಳಿದಳು.

ಯಾಕೆ? ತಾನು ಓಡಿದ್ದನ್ನು ನಾಳೆ ಯಾರೂ ಇಲ್ಲ ಅನ್ನಬಾರದು. ಅದಕ್ಕೆ.

ಆಮೇಲೆ ಅವಳು ಏನಾದಳು ಎಂಬ ದಾಖಲೆ ಇಲ್ಲ. ಗೆದ್ದವರ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಆದರೆ ಆ ಕಾಲದ ಪತ್ರಿಕೆಗಳಲ್ಲಿ ಅವಳ ಸುದ್ದಿ ಬಂದಿತ್ತು. ಬರಹದಲ್ಲಿ ಉಳಿದದ್ದರಿಂದಲೇ ಇವತ್ತು ನಾವು ಅವಳ ವಿಷಯ ಓದುತ್ತಿದ್ದೇವೆ.

ಹೆಂಗಸರಿಗೆ ಬಾಗಿಲು ತೆರೆದದ್ದು

ಹೆಂಗಸರು ದೂರ ಓಡಿದರೆ ಆರೋಗ್ಯ ಕೆಡುತ್ತದೆ ಅಂತ ಆಗ ನಂಬಿದ್ದರು. ಮೈಲಿಗಟ್ಟಲೆ ನೀರು, ಸೌದೆ ಹೊರುವಾಗ ಮಾತ್ರ ಯಾರಿಗೂ ಆ ಚಿಂತೆ ಬಂದಿರಲಿಲ್ಲ! 1928ರ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ 800 ಮೀಟರ್ ಓಟ ಇಟ್ಟರು. ಕೂಡಲೇ ಅದನ್ನೂ ತೆಗೆದುಬಿಟ್ಟರು. ಅದು ಮತ್ತೆ ಬಂದದ್ದು 1960ರಲ್ಲಿ.

ಅಮೆರಿಕಾದ ಬಾಸ್ಟನ್ ನಗರದಲ್ಲಿ ಪ್ರತಿ ವರ್ಷ ಮ್ಯಾರಥಾನ್ ನಡೆಯುತ್ತದೆ. 1967ರಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಂಬ ಹುಡುಗಿ ಅಲ್ಲಿ ಓಡಿದಳು. ಅರ್ಜಿಯಲ್ಲಿ ಅವಳು ತನ್ನ ಹೆಸರನ್ನು ಪೂರ್ತಿ ಬರೆದಿರಲಿಲ್ಲ. ಕೆ.ವಿ. ಸ್ವಿಟ್ಜರ್ ಅಂತ ಇನಿಷಿಯಲ್ ಹಾಕಿ ಬರೆದಿದ್ದಳು. ಗಂಡೋ ಹೆಣ್ಣೋ ಅದರಿಂದ ತಿಳಿಯಲಿಲ್ಲ. ಅವಳಿಗೆ 261 ಎಂಬ ನಂಬರು ಕೊಟ್ಟರು. ದಾರಿಯಲ್ಲಿ ಒಬ್ಬ ಅಧಿಕಾರಿ ಓಡಿ ಬಂದು ಆ ನಂಬರು ಕಿತ್ತುಹಾಕಲು ನೋಡಿದ. ಅವಳು ಬಿಡಲಿಲ್ಲ. ಓಟ ಮುಗಿಸಿಯೇ ನಿಂತಳು. 1972ರಲ್ಲಿ ಆ ಓಟದಲ್ಲಿ ಹೆಂಗಸರಿಗೂ ಅವಕಾಶ ಕೊಟ್ಟರು.

ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ಮೊದಲು ನಡೆದದ್ದು 1984ರಲ್ಲಿ. ಗೆದ್ದವಳು ಅಮೆರಿಕಾದ ಜೋನ್ ಬೆನೊಯ್ಟ್. ಅವಳು ತೆಗೆದುಕೊಂಡದ್ದು 2 ಗಂಟೆ 24 ನಿಮಿಷ 52 ಸೆಕೆಂಡು. 1896ರ ಲೂಯಿಗಿಂತ ಅವಳು ಓಡಿದ ದೂರ ಹೆಚ್ಚು, ತೆಗೆದುಕೊಂಡ ಸಮಯ ಕಡಿಮೆ. ಲೆಕ್ಕ ಹಾಕಿ ನೋಡಿ.

ನಮ್ಮ ದೇಶದ ಹೆಂಗಸರೂ ಓಡುತ್ತಾರೆ. ಕೇರಳದ ಓ.ಪಿ. ಜೈಶಾ 2015ರಲ್ಲಿ ಚೀನಾದ ಬೀಜಿಂಗ್‌ನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದರು.

2024ರಲ್ಲಿ ಪ್ಯಾರಿಸ್ ನಗರದಲ್ಲಿ ಒಲಿಂಪಿಕ್ಸ್ ನಡೆಯಿತು. ಸಾಮಾನ್ಯವಾಗಿ ಕೊನೆಯ ದಿನದ ಗೌರವ ಗಂಡಸರ ಮ್ಯಾರಥಾನಿಗೆ. ಆ ಸಲ ಕೊನೆಯ ದಿನ ಹೆಂಗಸರ ಮ್ಯಾರಥಾನ್ ಇಟ್ಟರು. ಓಟದ ದಾರಿಗೂ ಒಂದು ಅರ್ಥ ಇತ್ತು. 1789ರಲ್ಲಿ ಪ್ಯಾರಿಸ್ ಸಂತೆಯ ಹೆಂಗಸರು, ಬ್ರೆಡ್ಡಿಗೆ ಗತಿಯಿಲ್ಲದೆ, ವರ್ಸೇಲ್ಸ್ ಅರಮನೆಗೆ ನಡೆದು ಹೋಗಿ ರಾಜನನ್ನು ಕೇಳಿದ್ದರು. ಅದರ ನೆನಪಿಗೆ ಓಟ ಆ ಕಡೆ ಹೋಯಿತು. ಗೆದ್ದವಳು ಸಿಫಾನ್ ಹಸನ್. ಇಥಿಯೋಪಿಯಾದಲ್ಲಿ ಹುಟ್ಟಿ, ನಿರಾಶ್ರಿತಳಾಗಿ ನೆದರ್‌ಲ್ಯಾಂಡ್ಸ್ ದೇಶಕ್ಕೆ ಬಂದವಳು.

ಪದವನ್ನು ಹೇಗೆ ಬಳಸುತ್ತಾರೆ?

ಈಗ ಮ್ಯಾರಥಾನ್ ಪದದ ಬಳಕೆ ನೋಡೋಣ.

ಒಂದು: ಅದು ಗ್ರೀಸಿನ ಊರಿನ ಹೆಸರು, ಯುದ್ಧ ನಡೆದ ಬಯಲಿನ ಹೆಸರು.

ಎರಡು: 42 ಕಿಲೋಮೀಟರ್ 195 ಮೀಟರ್ ಓಟದ ಹೆಸರು. ಅದರ ಅರ್ಧ, ಅಂದರೆ ಸುಮಾರು 21 ಕಿಲೋಮೀಟರ್ ಓಡಿದರೆ 'ಹಾಫ್ ಮ್ಯಾರಥಾನ್'.

ಮೂರು: ಬಹಳ ಹೊತ್ತು ಎಳೆಯುವ ಯಾವುದೇ ಕೆಲಸ. ಪತ್ರಿಕೆಯಲ್ಲಿ 'ಮ್ಯಾರಥಾನ್ ಸಭೆ', 'ಮ್ಯಾರಥಾನ್ ಭಾಷಣ' ಅಂತ ಬರೆಯುತ್ತಾರೆ. ಅಲ್ಲಿ ಯಾರೂ ಓಡಿರುವುದಿಲ್ಲ. ಸಭೆ ಗಂಟೆಗಟ್ಟಲೆ ನಡೆದಿದೆ ಅಂತ ಅರ್ಥ.

ನಾಲ್ಕು: ಪದದ ಬಾಲ ಕತ್ತರಿಸಿ ಹೊಸ ಪದ ಮಾಡುತ್ತಾರೆ. ಬಹಳ ಜನ ಸೇರಿ ನಡೆದರೆ 'ವಾಕಥಾನ್'. 'ವಾಕ್' ಅಂದರೆ ನಡಿಗೆ. 'ಥಾನ್' ಅಂದರೆ? ಏನೂ ಇಲ್ಲ! ಗ್ರೀಕ್ ಭಾಷೆಯಲ್ಲಿ ಆ ತುಂಡಿಗೆ ಅರ್ಥವೇ ಇಲ್ಲ. 'ಕೊತ್ತಂಬರಿ'ಯಿಂದ 'ಬರಿ' ಕತ್ತರಿಸಿ ಬೇರೆ ಸೊಪ್ಪಿಗೆ ಅಂಟಿಸಿದ ಹಾಗೆ. ಆದರೂ ಜನ ಬಳಸುತ್ತಾರೆ, ಪದ ಓಡುತ್ತದೆ.

ಇಷ್ಟು ಹೇಳಿ ಮುಗಿಸಿದಾಗ ಆ ಅಕ್ಕ ಕೇಳಿದರು: "ಹಾಗಾದ್ರೆ ಬಸ್ ಸ್ಟ್ಯಾಂಡಿನಲ್ಲಿ 5 ಕಿಲೋಮೀಟರ್ ಅಂತ ಬರೆದದ್ದು ತಪ್ಪಾ?"

"ಸರಿಯಾದ ಲೆಕ್ಕದಲ್ಲಿ ಅದು ಮ್ಯಾರಥಾನ್ ಅಲ್ಲ ಅಕ್ಕ. ಬರೀ ಓಟ. ಆದರೆ ಊರವರೆಲ್ಲ ಸೇರಿ ಓಡುವ ಯಾವ ಓಟಕ್ಕೂ ಜನ ಈಗ ಮ್ಯಾರಥಾನ್ ಅಂತಲೇ ಅಂತಾರೆ" ಅಂದೆ.

"5 ಕಿಲೋಮೀಟರ್ ಅಂದ್ರೆ ಸಂತೆಗೆ ಹೋಗೋ ದಾರಿ. ತಲೆ ಮೇಲೆ ಹೊರೆ ಇಟ್ಕೊಂಡು ಅಷ್ಟು ನಡೀತೀನಿ. ಹೊರೆ ಇಲ್ದೆ ಆಗಲ್ವಾ?" ಅಂದರು.

ಮಾರನೇ ದಿನ ಅವರು ಹೆಸರು ಕೊಡಲು ಹೋದರು. ಅರ್ಜಿ ಕೊಟ್ಟ ಹುಡುಗ ಶಾಯಿಯ ಡಬ್ಬಿ ಮುಂದಿಟ್ಟನಂತೆ, ಹೆಬ್ಬೆಟ್ಟು ಒತ್ತಲು. ಅಕ್ಕ ಅದನ್ನು ಪಕ್ಕಕ್ಕೆ ತಳ್ಳಿದರು. ಪೆನ್ನು ಕೇಳಿದರು. ಇನಿಷಿಯಲ್ ಸೇರಿಸಿ ಪೂರ್ತಿ ಹೆಸರು ಬರೆದರು.

ಹೊಸ ಪದಗಳು

ಹೇರಳ – ಬಹಳ, ಧಾರಾಳ
ಗುರಾಣಿ – ಏಟು ತಡೆಯಲು ಕೈಯಲ್ಲಿ ಹಿಡಿಯುವ ಹಲಗೆ
ದಂಡು – ಸೈನ್ಯ
ಕಟ್ಟಳೆ – ನಿಯಮ, ಪದ್ಧತಿ
ದಾಖಲೆ – ಬರೆದಿಟ್ಟ ಗುರುತು
ನಿರಾಶ್ರಿತಳು – ಊರು, ನೆಲೆ ಕಳೆದುಕೊಂಡವಳು

ಓದಿದ ಮೇಲೆ ಮಾತಾಡಿ

1. ಮ್ಯಾರಥಾನ್ ಎಂಬ ಊರಿಗೆ ಆ ಹೆಸರು ಯಾಕೆ ಬಂತು?
2. ನಿಮ್ಮ ಊರಿನ ಹೆಸರು ಯಾವುದರಿಂದ ಬಂದಿದೆ? ಹಿರಿಯರನ್ನು ಕೇಳಿ ಬರೆಯಿರಿ.
3. ಸ್ಟಾಮಟಾ ರೆವಿಥಿ ಕಾಗದಕ್ಕೆ ಸಹಿ ಯಾಕೆ ಹಾಕಿಸಿದಳು?
4. ನೀವು ಮಾಡಿದ ಯಾವ ಕೆಲಸ ಬರಹದಲ್ಲಿ ಉಳಿಯಬೇಕು ಅನ್ನಿಸುತ್ತದೆ? ಎರಡು ಸಾಲು ಬರೆಯಿರಿ. ಕೆಳಗೆ ಸಹಿ ಹಾಕಿ.